ಮಾಂಜ್ರಾ ತೀರದಿಂದ ಪಂಢರಪುರಕ್ಕೆ: ಬೀದರ್ ಸೀಮೆಯ ವಾರಿ

ಪಂಢರಪುರದ ವಿಠ್ಠಲನ ದರ್ಶನಕ್ಕೆ ವರ್ಷ ತಪ್ಪದೆ ನಡೆದು ಹೋಗಿಬರುವ ವ್ರತಕ್ಕೆ ವಾರಿ ಎಂದು ಹೆಸರು. ಆಷಾಢ ಶುದ್ಧ ಏಕಾದಶಿ ಮತ್ತು ಕಾರ್ತಿಕ ಶುದ್ಧ ಏಕಾದಶಿಯ ವಾರಿಗಳು ದೊಡ್ಡವು. ಮಾಘ ಮತ್ತು ಚೈತ್ರದವು ಚಿಕ್ಕವು. ವ್ರತ ಹಿಡಿದವರು ವಾರಕರಿಗಳು. ಕೊರಳಲ್ಲಿ ತುಳಸಿ ಮಣಿಯ ಮಾಲೆ ಇರುವುದರಿಂದ ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಅವರನ್ನು ಮಾಳಕರಿಗಳೆಂದೂ ಕರೆಯುತ್ತಾರೆ. ಮಾಲೆ ಹಾಕಿಕೊಂಡವರು ಮಾಂಸ, ಮದ್ಯ ಬಿಡಬೇಕು, ಏಕಾದಶಿಗಳಂದು ಉಪವಾಸ ಇರಬೇಕು, ವರ್ಷಕ್ಕೊಮ್ಮೆಯಾದರೂ ಪಂಢರಪುರ ಮುಟ್ಟಬೇಕು. ದೀಕ್ಷೆ ಕೊಡುವ ಮಠವೂ ಬೇಡ, ದೊಡ್ಡ ಖರ್ಚೂ ಇಲ್ಲ. ಒಕ್ಕಲುತನದ ಮನೆಗಳಲ್ಲಿ ಈ ಪಂಥ ಇಷ್ಟು ಗಟ್ಟಿಯಾಗಿ ಬೇರೂರಲು ಇದೂ ಒಂದು ಕಾರಣ.

ಭಾಲ್ಕಿ, ಔರಾದ, ಕಮಲನಗರ ತಾಲ್ಲೂಕುಗಳ ಹಳ್ಳಿಗಳಿಂದ ಆಷಾಢದಲ್ಲಿ ಹೊರಡುವ ದಿಂಡಿಗಳು, ಅಂದರೆ ಭಜನೆ ಹಾಡುತ್ತ ಸಾಗುವ ವಾರಕರಿಗಳ ತಂಡಗಳು, ಪಶ್ಚಿಮಕ್ಕೆ ಮುಖ ಮಾಡಿ ನಡೆಯುತ್ತವೆ. ಭಾಲ್ಕಿಯಿಂದ ಪಂಢರಪುರಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 200 ಕಿಲೋಮೀಟರ್; ಊರೂರು ಸುತ್ತುವ ದಾರಿಯಲ್ಲಿ 250 ದಾಟುತ್ತದೆ. ಭಾಲ್ಕಿ ತಾಲ್ಲೂಕಿನ ಮೆಹಕರ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು. ಇಂಥ ಊರುಗಳಿಂದ ಹೊರಟವರಿಗೆ ರಾಜ್ಯದ ಎಲ್ಲೆ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಮುಂದೆ ನಿಲಂಗಾ, ಲಾತೂರು, ಬಾರ್ಶಿ, ಕುರ್ಡುವಾಡಿಗಳ ಸೀಮೆ. ಕೊನೆಗೆ ಭೀಮಾ ನದಿ. ಪಂಢರಪುರದ ಬಳಿ ನದಿ ಚಂದ್ರನಂತೆ ಬಾಗಿ ಹರಿಯುವುದರಿಂದ ಅಲ್ಲಿ ಅದು ಚಂದ್ರಭಾಗಾ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಇಲ್ಲವೇ ದಖನಿ, ಭಜನೆಯಲ್ಲಿ ಮರಾಠಿ ಅಭಂಗ: ಈ ಮೂರನ್ನೂ ಒಂದೇ ದಿನದಲ್ಲಿ ಬಳಸುವ ಜನ ಈ ದಾರಿಯಲ್ಲಿ ನಡೆಯುತ್ತ ಬಂದಿದ್ದಾರೆ. ಇದನ್ನು ಗಡಿಯಾಚೆಯಿಂದ ಬಂದ ಆಚರಣೆ ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ದಾರಿಯ ಇತಿಹಾಸ ಆ ಮಾತನ್ನು ಒಪ್ಪುವುದಿಲ್ಲ.

ಭೀಮೆಯ ದಂಡೆಯನ್ನು ಈ ಸೀಮೆಗೆ ಮೊದಲು ಜೋಡಿಸಿದ್ದು ರಾಜಕಾರಣ. ಪಂಢರಪುರಕ್ಕೆ ಸಮೀಪದ ಮಂಗಳವೇಢೆ 12ನೇ ಶತಮಾನದಲ್ಲಿ ಕಳಚುರಿಗಳ ನೆಲೆಯಾಗಿತ್ತು. ಚಾಲುಕ್ಯರ ಮಾಂಡಲಿಕನಾಗಿದ್ದ ಬಿಜ್ಜಳ ಅಲ್ಲಿಂದಲೇ ಬಂದು ಕಲ್ಯಾಣವನ್ನು ವಶಪಡಿಸಿಕೊಂಡ. ಬಸವಣ್ಣನವರೂ ಮೊದಲು ಮಂಗಳವೇಢೆಯಲ್ಲಿ ಕರಣಿಕರಾಗಿದ್ದು ಆಮೇಲೆ ಕಲ್ಯಾಣಕ್ಕೆ ಬಂದರೆಂದು ಶರಣ ಪರಂಪರೆ ಹೇಳುತ್ತದೆ. ಇಂದಿನ ಬಸವಕಲ್ಯಾಣ ಬೀದರ್ ಜಿಲ್ಲೆಯಲ್ಲಿದೆ, ಮಂಗಳವೇಢೆ ಸೋಲಾಪುರ ಜಿಲ್ಲೆಯಲ್ಲಿದೆ. ಲೆಕ್ಕದ ಕಡತ, ದಂಡು, ವ್ಯಾಪಾರದ ಹೇರು ಓಡಾಡಿದ ಹಾದಿಯನ್ನೇ ಭಕ್ತರ ಕಾಲು ಹಿಡಿದದ್ದು ಸಹಜವಾಗಿತ್ತು.

ಪಂಢರಪುರದ ಗುಡಿಯ ಕಲ್ಲುಗಳೂ ಇದನ್ನೇ ಹೇಳುತ್ತವೆ. 1237ರ ಶಾಸನವೊಂದು ಹೊಯ್ಸಳ ಸೋಮೇಶ್ವರ ಭೀಮರಥಿಯ ದಂಡೆಯ ಪಂಡರಗೆಯಲ್ಲಿ ವಿಠ್ಠಲನಿಗೆ ಹಳ್ಳಿಯೊಂದನ್ನು ದತ್ತಿ ಕೊಟ್ಟದ್ದನ್ನು ದಾಖಲಿಸುತ್ತದೆ; ಅದರ ಭಾಷೆ ಸಂಸ್ಕೃತ ಮತ್ತು ಕನ್ನಡ. ಕೆಲವೇ ದಶಕಗಳ ನಂತರ, 1273ರಿಂದ 1277ರವರೆಗೆ, ದೇವಗಿರಿಯ ಯಾದವ ರಾಮಚಂದ್ರನ ಕಾಲದಲ್ಲಿ ಗುಡಿಗೆ ಹಣ ಕೊಟ್ಟವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಲಾಯಿತು. ದೂರದೂರದವರು ಈ ದೇವರಿಗೆ ಕೈಯೆತ್ತಿ ಕೊಡುತ್ತಿದ್ದರೆಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಅದೇ ಶತಮಾನದ ಕೊನೆಗೆ, 1290ರಲ್ಲಿ, ಜ್ಞಾನೇಶ್ವರರು ಗೀತೆಗೆ ಮರಾಠಿಯಲ್ಲಿ ಭಾಷ್ಯ ಬರೆದರು. ಅವರ ಹೆಸರಿನಲ್ಲಿರುವ ಅಭಂಗವೊಂದು ವಿಠ್ಠಲನನ್ನು ಕರ್ನಾಟಕದವನೆಂದೇ ಗುರುತಿಸುತ್ತದೆ. ಮರಾಠಿ ಭಕ್ತಿಯ ಆದಿಕವಿಗೇ ಈ ವಿಷಯದಲ್ಲಿ ಸಂಕೋಚವಿರಲಿಲ್ಲ. ಕನ್ನಡದ ಸಂಶೋಧಕ ಶಂ. ಬಾ. ಜೋಶಿ ಕನ್ನಡ ಮರಾಠಿಗಳ ಬೇರು ಹುಡುಕುತ್ತ ಹೋದಾಗ, ಮರಾಠಿಯ ಸಂಶೋಧಕ ರಾ. ಚಿಂ. ಢೇರೆ 1984ರಲ್ಲಿ ವಿಠ್ಠಲನ ಕುರಿತು ತಮ್ಮ ದೊಡ್ಡ ಗ್ರಂಥ ಪ್ರಕಟಿಸಿದಾಗ, ಇಬ್ಬರೂ ಎರಡು ಭಾಷೆಗಳ ನಡುವೆ ಗೋಡೆ ಇಲ್ಲದ ಕಾಲವನ್ನೇ ತೋರಿಸಿದರು. ಸೊಂಟದ ಮೇಲೆ ಕೈಯಿಟ್ಟು ಇಟ್ಟಿಗೆಯ ಮೇಲೆ ನಿಂತ ಈ ದೇವರು ಮೂಲದಲ್ಲಿ ದನಗಾಹಿ, ಕುರುಬ ಸಮುದಾಯಗಳ ದೈವ ಎಂಬುದು ಢೇರೆಯವರ ವಾದ. ಮೇವು ಹುಡುಕುತ್ತ ಭೀಮಾ, ಮಾಂಜ್ರಾ ಬಯಲುಗಳಲ್ಲಿ ಅಲೆಯುತ್ತಿದ್ದ ಜನರ ದೇವರಿಗೆ ನಡಿಗೆಯೇ ಸೇವೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

15ನೇ ಶತಮಾನದ ಮೊದಲರ್ಧದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಅಲ್ಲಿಂದ ಪಂಢರಪುರದ ಸಂತಕಥೆಗಳಲ್ಲಿ ಬೀದರ್ ಒಂದು ಪಾತ್ರವಾಗಿ ಕಾಣಿಸಿಕೊಳ್ಳತೊಡಗುತ್ತದೆ. ಮಂಗಳವೇಢೆಯ ಗಣಿಕೆಯ ಮಗಳು ಕಾನ್ಹೋಪಾತ್ರೆಯ ರೂಪದ ಸುದ್ದಿ ಕೇಳಿ ಬೀದರಿನ ಬಾದಶಹ ಅವಳನ್ನು ಕರೆತರಲು ಆಳು ಕಳಿಸಿದ, ಅವಳು ವಿಠ್ಠಲನ ಪಾದದಲ್ಲಿ ಪ್ರಾಣ ಬಿಟ್ಟಳು ಎಂಬುದು ಒಂದು ಕಥೆ. ಗುಡಿಯ ಆವರಣದಲ್ಲಿ ಅವಳ ನೆನಪಿನ ಮರವನ್ನು ಇಂದಿಗೂ ಯಾತ್ರಿಕರಿಗೆ ತೋರಿಸುತ್ತಾರೆ. ಇಲ್ಲಿ ಬೀದರ್ ಅಂದರೆ ಕಸಿಯುವ ಅಧಿಕಾರ.

ಎರಡನೆಯ ಕಥೆ ಇನ್ನೂ ದೊಡ್ಡದು, ಬೀದರ್ ಸೀಮೆಯ ಕೀರ್ತನೆಗಳಿಗೆ ಬಲು ಹೊಂದುವಂಥದು. ದಾಮಾಜಿಪಂತ ಮಂಗಳವೇಢೆಯಲ್ಲಿ ಬೀದರಿನ ಅರಸನ ಕಂದಾಯಾಧಿಕಾರಿ. ಬರ ಬಿತ್ತು. 1458ರಿಂದ 1460ರ ಹೊತ್ತಿನ ಆ ಬರಕ್ಕೆ ಜನ ದಾಮಾಜಿಪಂತನ ಬರ ಎಂದೇ ಹೆಸರಿಟ್ಟರು. ಹಸಿದವರನ್ನು ನೋಡಲಾರದೆ ಆತ ಸರ್ಕಾರಿ ಕಣಜ ತೆರೆದು ಧಾನ್ಯ ಹಂಚಿದ. ಚಾಡಿ ಬೀದರ್ ಮುಟ್ಟಿತು, ಹಿಡಿದು ತರಲು ಸಿಪಾಯಿಗಳು ಬಂದರು. ದಾಮಾಜಿ ಬೀದರಿನ ಹಾದಿಯಲ್ಲಿರುವಾಗಲೇ ವಿಠ್ಠಲ ಅಸ್ಪೃಶ್ಯನೆನಿಸಿದ್ದ ಮಹಾರನ ವೇಷ ತೊಟ್ಟು, ಹೆಗಲಿಗೆ ಕಂಬಳಿ ಹಾಕಿ, ಕೈಯಲ್ಲಿ ಕೋಲು ಹಿಡಿದು ಬೀದರಿಗೆ ನಡೆದು ಬಂದ. ಧಾನ್ಯದ ಪೂರ್ತಿ ಬೆಲೆಯನ್ನು ಖಜಾನೆಗೆ ಕಟ್ಟಿ ರಸೀದಿ ಪಡೆದ. ಆ ರಸೀದಿ ದಾಮಾಜಿಯ ಪೋಥಿಯೊಳಗೆ ಸಿಕ್ಕಿತು. ಮರಾಠಿ ಕವಿ ಮಹೀಪತಿ 1762ರಲ್ಲಿ ಮುಗಿಸಿದ ಸಂತಚರಿತ್ರೆ ಭಕ್ತವಿಜಯದಲ್ಲಿ ಈ ಕಥೆ ವಿಸ್ತಾರವಾಗಿ ಬರುತ್ತದೆ. ಕೀರ್ತನಕಾರರು ಅದನ್ನು ಹಳ್ಳಿಹಳ್ಳಿಗೆ ಹೊತ್ತರು.

ಕಥೆ ಪವಾಡದ್ದಾದರೂ ಅದರ ಒಳಗಿನ ಆಡಳಿತ ವಾಸ್ತವದ್ದು. ಹಳ್ಳಿಯ ಕಂದಾಯದ ಹಣವನ್ನು ಖಜಾನೆಗೆ ಮುಟ್ಟಿಸುವುದು, ಓಲೆ ಒಯ್ಯುವುದು, ಅಧಿಕಾರಿಗೆ ದಾರಿ ತೋರಿಸುವುದು ಮಹಾರರ ಪಾಲಿಗೆ ಬಂದ ಕೆಲಸಗಳಾಗಿದ್ದವು. ದೂರದ ದಾರಿಯನ್ನು ಕಾಲಿನಲ್ಲಿ ಬಲ್ಲವರು ಅವರೇ. ಮಹಾರರ ಪರಂಪರೆಯಲ್ಲಿ ತಮ್ಮ 52 ಹಕ್ಕುಗಳನ್ನು ಕೊಟ್ಟದ್ದು ಬೀದರಿನ ಬಾದಶಹ ಎಂಬ ನಂಬಿಕೆಯೂ ಇದೆ. ಆದ್ದರಿಂದ ದೇವರು ಬೀದರಿಗೆ ಬರಬೇಕೆಂದಾಗ ಜನರ ಕಲ್ಪನೆ ಅವನಿಗೆ ಬ್ರಾಹ್ಮಣನ ವೇಷವನ್ನಾಗಲಿ ಸರದಾರನ ವೇಷವನ್ನಾಗಲಿ ಹಾಕಲಿಲ್ಲ. ವಾರಿಯ ಸಾಲುಗಳು ಪಶ್ಚಿಮಕ್ಕೆ ನಡೆದರೆ ಈ ಕಥೆಯಲ್ಲಿ ದೇವರೇ ಪೂರ್ವಕ್ಕೆ ನಡೆದು ಬೀದರ್ ಕೋಟೆಯ ಬಾಗಿಲಿಗೆ ಬರುತ್ತಾನೆ. ಅದರ ಪಕ್ಕದಲ್ಲೇ ಇಟ್ಟು ನೋಡಬೇಕಾದ ಮತ್ತೊಂದು ಸಂಗತಿ ಇದೆ. ಅದೇ ಜಾತಿಯಲ್ಲಿ ಹುಟ್ಟಿದ ಸಂತ ಚೋಖಾಮೇಳ 1338ರಲ್ಲಿ ಮಂಗಳವೇಢೆಯಲ್ಲಿ ಗೋಡೆ ಕುಸಿದು ಸತ್ತ. ಅವನ ಸಮಾಧಿ ಪಂಢರಪುರದ ಗುಡಿಯ ಹೊರಗೆ, ಮಹಾದ್ವಾರದ ಎದುರಿಗೆ ಇದೆ. ಬದುಕಿದ್ದಾಗ ಆತ ಒಳಗೆ ಹೋಗುವಂತಿರಲಿಲ್ಲ. ಮಹಾರನ ವೇಷ ದೇವರಿಗೆ ಒಪ್ಪಿತ್ತು, ಮಹಾರನಿಗೆ ಗುಡಿ ತೆರೆಯಲು ಇನ್ನೂ ಆರು ಶತಮಾನ ಹಿಡಿಯಿತು.

ದಕ್ಷಿಣದ ಕನ್ನಡ ನಾಡಿನಿಂದಲೂ ಪಂಢರಪುರಕ್ಕೆ ಬೇರೊಂದು ಎಳೆ ಇದೆ. ವಿಜಯನಗರದ ಅರಸ ವಿಠ್ಠಲನ ಮೂರ್ತಿಯನ್ನು ಹಂಪಿಗೆ ಒಯ್ದಿದ್ದನೆಂದೂ ಏಕನಾಥರ ಮುತ್ತಜ್ಜ ಭಾನುದಾಸರು ಅದನ್ನು ಮರಳಿ ತಂದರೆಂದೂ ವಾರಕರಿಗಳು ನಂಬುತ್ತಾರೆ. ಪುರಂದರದಾಸರಿಂದ ವಿಜಯದಾಸರವರೆಗೆ ಹರಿದಾಸರ ಅಂಕಿತಗಳಲ್ಲಿ ವಿಠ್ಠಲನ ಹೆಸರಿದೆ. ಆದರೆ ಬೀದರ್ ಸೀಮೆಯ ಭಜನಾ ಮಂಡಳಿಗಳಲ್ಲಿ ಹೆಚ್ಚಾಗಿ ಕೇಳುವುದು ದಾಸರ ಪದಗಳಲ್ಲ, ನಾಮದೇವ, ಏಕನಾಥ, ತುಕಾರಾಮರ ಅಭಂಗಗಳೇ. ಹರಿದಾಸ ಸಾಹಿತ್ಯ ಬೆಳೆದದ್ದು ಮಾಧ್ವ ಮಠಗಳ ಆಸರೆಯಲ್ಲಿ, ತುಂಗಭದ್ರೆ ಕೃಷ್ಣೆಯರ ಬಯಲಿನಲ್ಲಿ. ಮಾಂಜ್ರಾ ದಂಡೆಯ ಒಕ್ಕಲಿಗನಿಗೆ ಅದಕ್ಕಿಂತ ಹತ್ತಿರವಾದದ್ದು ಲಾತೂರಿನ ಕಡೆಯ ಕೀರ್ತನಕಾರ.

ವಾರಿ ಬಲು ಹಳೆಯದಾದರೂ ಇಂದು ಕಾಣುವ ಅದರ ಶಿಸ್ತು ಈಚಿನದು. ತುಕಾರಾಮರ ಮಗ ನಾರಾಯಣ ಮಹಾರಾಜ 1685ರಲ್ಲಿ ದೇಹುವಿನಿಂದ ಸಂತರ ಪಾದುಕೆಗಳ ಪಲ್ಲಕ್ಕಿ ಹೊರಡಿಸಿದರು. 19ನೇ ಶತಮಾನದ ಮೊದಲ ದಶಕಗಳಲ್ಲಿ ಹೈಬತರಾವ್ ಬಾಬಾ ಆರಫಳಕರ ಆಳಂದಿಯ ಜ್ಞಾನೇಶ್ವರ ಪಲ್ಲಕ್ಕಿಯನ್ನು ಬೇರೆಯಾಗಿ ನಿಲ್ಲಿಸಿ, ಶಿಂಧೆ ದರಬಾರಿನ ತಮ್ಮ ಒಡನಾಟದಿಂದ ದಂಡಿನ ಕ್ರಮವನ್ನು ವಾರಿಗೆ ತಂದರು: ಯಾವ ದಿಂಡಿ ಮುಂದೆ, ಯಾವುದು ಹಿಂದೆ, ಮುಕ್ಕಾಂ ಎಲ್ಲಿ, ಯಾರ ಕೋಲು ಎದ್ದರೆ ಸದ್ದಡಗಬೇಕು, ಎಲ್ಲಕ್ಕೂ ನಿಯಮ. ಆ ಪಲ್ಲಕ್ಕಿಯ ಮುಂದೆ ಓಡುವ ಕುದುರೆಗಳನ್ನು ಇಂದಿಗೂ ಕಳಿಸುವುದು ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನ. ಕುದುರೆಗಳು ಅಂಕಲಿಯಿಂದ ಆಳಂದಿಗೆ ಸುಮಾರು 300 ಕಿಲೋಮೀಟರ್ ನಡೆದೇ ಹೋಗುತ್ತವೆ. ಮಹಾರಾಷ್ಟ್ರದ ಅತ್ಯಂತ ದೊಡ್ಡ ಮೆರವಣಿಗೆಯ ಮುಂಚೂಣಿಯಲ್ಲಿರುವುದು ಕರ್ನಾಟಕದ ಕುದುರೆಗಳು ಎಂಬುದು ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ.

ಬೀದರ್ ಕಡೆಯ ದಿಂಡಿಗಳು ಆಳಂದಿ, ದೇಹುಗಳ ಮಹಾಪ್ರವಾಹದಲ್ಲಿ ನಡೆಯುವುದಿಲ್ಲ. ಅವು ಪೂರ್ವದಿಂದ ತಮ್ಮಷ್ಟಕ್ಕೆ ಬಂದು ಪಂಢರಪುರದಲ್ಲಿ ಉಳಿದವರನ್ನು ಕೂಡಿಕೊಳ್ಳುತ್ತವೆ. ಆದರೆ ದಿಂಡಿಯ ಒಳಗಿನ ಕ್ರಮ ಒಂದೇ. ಮುಂದೆ ಕಾವಿ ಪತಾಕೆ ಹಿಡಿದವರು, ಅವರ ಹಿಂದೆ ಸಾಲಾಗಿ ತಾಳ ಬಾರಿಸುವವರು, ನಡುವೆ ಮೃದಂಗದವನು, ಅವನ ಬಳಿ ವೀಣೆ ಹೊತ್ತವನು. ಹಿಂದೆ ತಲೆಯ ಮೇಲೆ ತುಳಸಿ ವೃಂದಾವನ, ನೀರಿನ ಕೊಡ ಹೊತ್ತ ಹೆಂಗಸರು. ಯಾವ ಅಭಂಗ ಎತ್ತಬೇಕೆಂಬುದು ವೀಣೆಯವನ ಮಾತು. ನಸುಕಿನಲ್ಲಿ ಕಾಕಡ ಆರತಿ, ಹೊತ್ತು ಏರುವ ಮುನ್ನ ಮೊದಲ ಹಂತದ ನಡಿಗೆ, ಮಧ್ಯಾಹ್ನ ಮರದ ನೆರಳಲ್ಲೋ ಗುಡಿಯಲ್ಲೋ ವಿಶ್ರಾಂತಿ, ಸಂಜೆ ಮುಕ್ಕಾಮಿನಲ್ಲಿ ಹರಿನಾಮದ ಅಭಂಗಗಳ ಹರಿಪಾಠ, ರಾತ್ರಿ ಕೀರ್ತನೆ. ಹಣೆಗೆ ಗೋಪಿಚಂದನ, ಅದರ ಮೇಲೆ ಬುಕ್ಕಾ ಎಂಬ ಕಪ್ಪು ಪುಡಿ. ಎದುರಾದವರು ಹಿರಿಯರಿರಲಿ ಕಿರಿಯರಿರಲಿ ಒಬ್ಬರ ಕಾಲನ್ನೊಬ್ಬರು ಮುಟ್ಟುತ್ತಾರೆ, ಒಬ್ಬರನ್ನೊಬ್ಬರು ಮಾವುಲಿ, ಅಂದರೆ ತಾಯಿ, ಎನ್ನುತ್ತಾರೆ. ಹಿಂದೆ ದಿಂಡಿಯ ಜೊತೆ ಎತ್ತಿನ ಬಂಡಿ ಇರುತ್ತಿತ್ತು: ಜೋಳದ ಹಿಟ್ಟು, ಬೇಳೆ, ಪಾತ್ರೆ, ಕಂಬಳಿ ಅದರಲ್ಲಿ. ಕಟ್ಟಿಕೊಂಡು ಹೊರಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮೊದಲ ಕೆಲವು ದಿನಕ್ಕೆ ಸಾಲುತ್ತಿತ್ತು. ಆಮೇಲೆ ಮುಕ್ಕಾಮಿನ ಊರಿನ ಮನೆಗಳೇ ಊಟ ಹಾಕಬೇಕು. ಯಾವ ಊರಿನಲ್ಲಿ ಯಾರ ಮನೆಯ ಅನ್ನ ಎಂಬುದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿದು ಬರುವ ಸಂಬಂಧ. ಇಂಥ ಸಂಬಂಧಗಳಿಂದಲೇ ಬೀಗತನಗಳೂ ಕುದುರಿದ್ದುಂಟು.

ಹೊರಡುವ ಹೊತ್ತನ್ನು ಪಂಚಾಂಗ ಹೇಳಿದರೂ ಮಳೆಯ ಒಪ್ಪಿಗೆ ಬೇಕು. ಮೃಗಶಿರಾ ಮಳೆ ಜೂನ್ ಮೊದಲ ವಾರದಲ್ಲಿ ಹಿಡಿದರೆ ಹೆಸರು, ಉದ್ದು, ತೊಗರಿ ಬಿತ್ತಿ ಮುಗಿಸಿ, ಎಡೆ ಹೊಡೆಯುವ ಕೆಲಸವನ್ನು ಮನೆಯಲ್ಲಿದ್ದವರಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಹೊರಡಬಹುದು. ಆಷಾಢ ಏಕಾದಶಿ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ, ಅಧಿಕ ಮಾಸ ಬಂದ ವರ್ಷ ಇನ್ನೂ ತಡವಾಗಿ ಬರುತ್ತದೆ. ಮಳೆ ತಡವಾದರೆ ಇಕ್ಕಟ್ಟು. ಬಿತ್ತನೆ ಬಿಟ್ಟು ಹೋದರೆ ವರ್ಷದ ಬೆಳೆ ಕೈಬಿಡುತ್ತದೆ, ಬಿತ್ತುತ್ತ ಕೂತರೆ ವಾರಿ ತಪ್ಪುತ್ತದೆ. ಆಗ ಮನೆಯ ಒಬ್ಬರು ಹೋಗುತ್ತಾರೆ, ಉಳಿದವರು ಕಾರ್ತಿಕಕ್ಕೆ ಕಾಯುತ್ತಾರೆ. ಕಾರ್ತಿಕದ ಹೊತ್ತಿಗೆ ಹೆಸರು, ಉದ್ದು ಮಾರಿ ಕೈಯಲ್ಲಿ ಒಂದಿಷ್ಟು ಹಣ, ಹಿಂಗಾರಿ ಜೋಳ ಬಿತ್ತಿ ಮುಗಿದ ಬಿಡುವು ಎರಡೂ ಇರುತ್ತವೆ. ಬೀದರಿನಂಥ ಒಣಬೇಸಾಯದ ಸೀಮೆಯಲ್ಲಿ ವಾರಿ ಉಳಿದದ್ದಕ್ಕೆ ಭಕ್ತಿ ಎಷ್ಟು ಕಾರಣವೋ ಈ ಎರಡು ಬಿಡುವುಗಳೂ ಅಷ್ಟೇ ಕಾರಣ.

ನಿಜಾಮರ ಕಾಲದಲ್ಲಿಯೂ ಈ ದಾರಿಯ ಮೇಲೆ ಗಡಿಯೊಂದು ಇತ್ತು. 1724ರ ನಂತರ ಬೀದರ್ ಅಸಫ್‌ಜಾಹಿ ಹೈದರಾಬಾದಿನ ಭಾಗವಾಯಿತು; ಪೇಶ್ವೆಗಳ ಪತನದ ಮೇಲೆ ಪಂಢರಪುರ ಇಂಗ್ಲಿಷರ ಮುಂಬಯಿ ಪ್ರಾಂತಕ್ಕೆ ಸೇರಿತು. ಜನರ ಬಾಯಲ್ಲಿ ಈ ಕಡೆಯದು ಮೊಗಲಾಯಿ, ಆ ಕಡೆಯದು ಕಂಪನಿ ಸರಕಾರ. ಮೊಗಲಾಯಿಯಲ್ಲಿ ಚಲಾವಣೆಯಲ್ಲಿದ್ದದ್ದು ಹಾಲಿ ಸಿಕ್ಕಾ, ಆಚೆ ಇಂಗ್ಲಿಷರ ಕಲ್ದಾರ್ ರೂಪಾಯಿ. ಲಾತೂರು ದಾಟಿದ ಯಾತ್ರಿಕ ಬಾರ್ಶಿ ಸೇರುವ ಹೊತ್ತಿಗೆ ಸರಾಫರ ಅಂಗಡಿಯಲ್ಲಿ ನಾಣ್ಯ ಬದಲಿಸಿಕೊಳ್ಳಬೇಕಿತ್ತು, ಅದಕ್ಕೆ ಬಟ್ಟಾ ಎಂಬ ವಟ್ಟ ಕೊಡಬೇಕಿತ್ತು. ಇದಕ್ಕಿಂತ ದೊಡ್ಡ ಭಯ ಕಾಲರಾ. ಒಂದೇ ನದಿಯಲ್ಲಿ ಲಕ್ಷಾಂತರ ಜನ ಮಿಂದು, ಅದೇ ನೀರು ಕುಡಿದು, ಮಳೆಗಾಲದಲ್ಲಿ ಒತ್ತೊತ್ತಾಗಿ ಮಲಗಿ, ಬೇನೆಯನ್ನು ಕಟ್ಟಿಕೊಂಡು ತಮ್ಮ ತಮ್ಮ ಊರಿಗೆ ಮರಳುತ್ತಿದ್ದರು. ಇಂಗ್ಲಿಷ್ ಅಧಿಕಾರಿಗಳಿಗೆ ಪಂಢರಪುರದ ಜಾತ್ರೆ ಮೊದಲು ಆರೋಗ್ಯ ಇಲಾಖೆಯ ತಲೆನೋವು, ಆಮೇಲಷ್ಟೇ ಧರ್ಮದ ಸಂಗತಿ. ಯಾತ್ರಿಕರ ಮೇಲೆ ತೆರಿಗೆ ಹಾಕಿ ಆ ಹಣವನ್ನು ಊರಿನ ನೈರ್ಮಲ್ಯಕ್ಕೆ ಬಳಸುವ ವ್ಯವಸ್ಥೆ ಬಂದದ್ದು ಈ ಭಯದಿಂದ.

ರೈಲು ಬಂದಾಗ ಕಾಲುದಾರಿ ಸಾಯುತ್ತದೆಂದು ಯಾರಾದರೂ ಎಣಿಸಿದ್ದರೆ ಅದು ಸುಳ್ಳಾಯಿತು. ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಇಂಜಿನಿಯರ್ ಕಟ್ಟಿದ ಬಾರ್ಶಿ ಲೈಟ್ ರೈಲ್ವೆಯ ಎರಡೂವರೆ ಅಡಿ ಅಗಲದ ಹಳಿ 1897ರಲ್ಲಿ ಬಾರ್ಶಿಗೆ, 1906ರಲ್ಲಿ ಪಂಢರಪುರಕ್ಕೆ, 1911ರಲ್ಲಿ ಲಾತೂರಿಗೆ ಮುಟ್ಟಿತು. ಹತ್ತಿಯ ಜೊತೆಗೆ ಯಾತ್ರಿಕರೂ ಆ ಕಂಪನಿಯ ಆದಾಯದ ಮೂಲವಾಗಿದ್ದರು. ಬೀದರ್, ಭಾಲ್ಕಿಗಳನ್ನು ಹಾಯುವ ವಿಕಾರಾಬಾದ್ ಪರಳಿ ಮಾರ್ಗ 1930ರ ಸುಮಾರಿಗೆ ಬಂದ ಮೇಲೆ ಭಾಲ್ಕಿಯವರು ಹಳಿಯ ಮೇಲೆಯೇ ಪಂಢರಪುರ ಸೇರುವುದು ಸಾಧ್ಯವಾಯಿತು. ರೈಲು ಹತ್ತಿದವರು ಬಹಳ; ಮುದುಕರು, ಬಾಣಂತಿ ಸೊಸೆಯನ್ನು ಮನೆಯಲ್ಲಿ ಬಿಟ್ಟು ಬಂದವರು, ಅಂಗಡಿಕಾರರು. ಆದರೆ ರೈಲಿನಲ್ಲಿ ಹೋದದ್ದು ದರ್ಶನ, ನಡೆದು ಹೋದದ್ದು ವಾರಿ ಎಂಬ ಭೇದವೂ ಆಗಲೇ ಗಟ್ಟಿಯಾಯಿತು. ಬೇರೆ ಸಾಧನ ಇಲ್ಲದ ಕಾಲದಲ್ಲಿ ನಡಿಗೆ ಅನಿವಾರ್ಯವಾಗಿತ್ತು; ಸಾಧನ ಬಂದ ಮೇಲೆ ಅದು ಆರಿಸಿಕೊಂಡ ವ್ರತವಾಯಿತು.

ರೈಲಿದ್ದೂ ನಡೆದೇ ಹೋಗುವುದು ಈ ನಾಡಿಗೆ ಮಾತ್ರ ಸೇರಿದ ಸಂಗತಿಯಲ್ಲ. ಜರ್ಮನಿಯ ಬವೇರಿಯದಲ್ಲಿ ರೇಗನ್ಸ್‌ಬರ್ಗ್ ಕಡೆಯ ಕ್ಯಾಥೊಲಿಕರು ಆಲ್ಟ್‌ಓಟಿಂಗ್‌ನ ಮೇರಿಮಾತೆಯ ಗುಡಿಗೆ 19ನೇ ಶತಮಾನದಿಂದ ವರ್ಷವರ್ಷವೂ ಗುಂಪಾಗಿ ನಡೆಯುತ್ತಾರೆ. ಮೂರು ದಿನ, ನೂರಕ್ಕೂ ಹೆಚ್ಚು ಕಿಲೋಮೀಟರ್. ಹೊಲಗಳ ನಡುವೆ, ಹಳ್ಳಿಗಳ ಬೀದಿಯಲ್ಲಿ ಶಿಲುಬೆಯನ್ನು ಮುಂದಿಟ್ಟುಕೊಂಡು ಜಪಮಾಲೆಯ ಪ್ರಾರ್ಥನೆ ಹೇಳುತ್ತ. ಅಲ್ಲಿಯೂ ರೈಲಿದೆ, ರಸ್ತೆಯಿದೆ. ಸ್ಪೇನಿನ ಸಾಂತಿಯಾಗೊಗೆ ಹೋಗುವವರು ಒಬ್ಬೊಬ್ಬರಾಗಿ ನಡೆದು ದಾರಿಯ ಪುಸ್ತಿಕೆಗೆ ಠಸ್ಸೆ ಹಾಕಿಸಿಕೊಳ್ಳುತ್ತಾರೆ. ಆಲ್ಟ್‌ಓಟಿಂಗ್ ನಡಿಗೆ ಅದಕ್ಕಿಂತ ದಿಂಡಿಗೆ ಹತ್ತಿರ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗುಂಥರ್ ಸೊಂಥೈಮರ್ ದಖನ್ನಿನ ಕುರುಬ ದೈವಗಳನ್ನು ಅರಸುತ್ತ ಬಂದು ಪಂಢರಪುರದ ವಾರಿಯ ಮೇಲೆ ಚಿತ್ರ ತೆಗೆದ ಜರ್ಮನ್ ವಿದ್ವಾಂಸ. ಖಂಡೋಬಾ, ಬೀರೋಬಾ, ವಿಠ್ಠಲರನ್ನು ಒಂದೇ ಬಯಲಿನ ದೈವಗಳಾಗಿ ಕಂಡವರಲ್ಲಿ ಅವರು ಮುಖ್ಯರು.

ನಡಿಗೆಯ ಸಮಾನತೆಗೆ ಮಿತಿಯಿತ್ತು ಎಂಬುದನ್ನು ನೇರವಾಗಿ ಬರೆದವರು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ. 20ನೇ ಶತಮಾನದ ನಡುವಿನಲ್ಲಿ ಆಳಂದಿಯ ದಾರಿಯಲ್ಲಿ ನಡೆದ ಅವರಿಗೆ ಕಂಡದ್ದು, ಒಟ್ಟಿಗೆ ಹಾಡಿ ಒಟ್ಟಿಗೆ ನಡೆದವರು ಊಟಕ್ಕೆ ಜಾತಿ ನೋಡಿ ಬೇರೆ ಬೇರೆ ಪಂಕ್ತಿಯಲ್ಲಿ ಕೂರುತ್ತಿದ್ದರು. ವಾರಿಗೆ ಹೋಗುವ ಜನ ಇರುವ ನಾಡೇ ಮಹಾರಾಷ್ಟ್ರ ಎಂಬ ಅರ್ಥದ ಮಾತನ್ನೂ ಅವರೇ ಬರೆದರು. ಮರಾಠಿಯಲ್ಲಿ ಆ ಮಾತು ಬಹಳ ಹೆಸರಾಯಿತು, ಆದರೆ ಅದನ್ನು ಹಾಗೆಯೇ ಒಪ್ಪಿದರೆ ಭಾಲ್ಕಿ, ಔರಾದಗಳಿಂದ ಹಿಡಿದು ವಿಜಯಪುರ, ಬೆಳಗಾವಿಗಳವರೆಗಿನ ಕನ್ನಡ ಮನೆಗಳನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಸಮಾನತೆಯ ಮಿತಿ ಗುಡಿಯಲ್ಲೂ ಇತ್ತು. 1947ರ ಮೇ ತಿಂಗಳಲ್ಲಿ ಮರಾಠಿ ಲೇಖಕ ಸಾನೆ ಗುರೂಜಿ ಪಂಢರಪುರದಲ್ಲಿ ಹತ್ತು ದಿನ ಉಪವಾಸ ಕೂತ ಮೇಲೆ ದಲಿತರಿಗೆ ಗುಡಿಯ ಬಾಗಿಲು ತೆರೆಯಿತು. ಗುಡಿಯ ಒಳಗಿನ ಬಡವೆ, ಉತ್ಪಾತ ಅರ್ಚಕ ಮನೆತನಗಳ ವಂಶಪಾರಂಪರ್ಯ ಹಕ್ಕು ಕೊನೆಗೊಂಡದ್ದು 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆಯೇ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರು ರಾಜ್ಯಕ್ಕೆ, ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಅಲ್ಲಿಯವರೆಗೆ ಒಂದೇ ಜಿಲ್ಲೆಯ ಹಾದಿಯಾಗಿದ್ದ ಭಾಲ್ಕಿ ನಿಲಂಗಾ ದಾರಿಗೆ ರಾಜ್ಯದ ಗಡಿ ಅಡ್ಡ ಬಂತು. ದಿಂಡಿಗಳು ನಿಲ್ಲಲಿಲ್ಲ. ಬದಲಾದದ್ದು ಭಾಷೆಯ ಸುತ್ತಲಿನ ಮಾತು. ನಿಜಾಮರ ಉರ್ದು ಆಡಳಿತದಲ್ಲಿ ಕನ್ನಡ, ಮರಾಠಿ ಎರಡೂ ಬಡವಾಗಿದ್ದವು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಆಗಲೇ. ಏಕೀಕರಣದ ನಂತರ ಶಾಲೆ ಕನ್ನಡದ್ದಾಯಿತು, ಗುಡಿಯ ಸಪ್ತಾಹದ ಪಾರಾಯಣ ಮರಾಠಿಯಲ್ಲೇ ಉಳಿಯಿತು. ಕನ್ನಡ ಶಾಲೆಯಲ್ಲಿ ಓದಿದ ಹುಡುಗರು ಹರಿಪಾಠವನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿದರು. ವಿವಾದಗಳು ಪೇಟೆಯಲ್ಲಿ ಕಾವೇರಿದಷ್ಟು ಭಜನಾ ಮಂಡಳಿಗಳಲ್ಲಿ ಕಾವೇರಲಿಲ್ಲ.

ಬೀದರ್ ಸೀಮೆಯ ಕಾಲು ನಡೆಯುವುದು ಪಂಢರಪುರಕ್ಕೆ ಮಾತ್ರವಲ್ಲ. ದಸರೆಯ ನಂತರ ತುಳಜಾಪುರದ ಭವಾನಿ ಸೀಗೆ ಹುಣ್ಣಿಮೆಯವರೆಗೆ ಮಲಗಿರುತ್ತಾಳೆಂದು ನಂಬಿಕೆ. ಆ ಹುಣ್ಣಿಮೆಗೆ ಅವಳು ಏಳುವ ಹೊತ್ತಿಗೆ ಮುಟ್ಟಲು ಬೀದರ್, ಕಲಬುರಗಿ ಕಡೆಯ ಜನ ಉಮರ್ಗಾ, ನಳದುರ್ಗಗಳ ಹೆದ್ದಾರಿಯಲ್ಲಿ ಹಗಲೂ ರಾತ್ರಿ ನಡೆಯುತ್ತಾರೆ. ಇದಕ್ಕೆ ಮಾಲೆ, ದೀಕ್ಷೆ, ದಿಂಡಿಯ ಕ್ರಮ ಯಾವುದೂ ಬೇಡ. ಹರಕೆ ಹೊತ್ತ ಹುಡುಗರು ನಾಲ್ಕಾರು ಜನ ಕೂಡಿ ಹೊರಡುತ್ತಾರೆ, ದಾರಿಯುದ್ದಕ್ಕೂ ಚಹಾ, ಬಾಳೆಹಣ್ಣು, ಊಟ ಕೊಡುವ ಪೆಂಡಾಲುಗಳು ಎದ್ದಿರುತ್ತವೆ. ಪೂರ್ವದಲ್ಲಿ ಶ್ರೀಶೈಲಕ್ಕೆ ಯುಗಾದಿಯ ಹೊತ್ತಿಗೆ ಕಂಬಿ ಹೊತ್ತು ನಡೆಯುವ ಪದ್ಧತಿ ಉತ್ತರ ಕರ್ನಾಟಕದ ಪಶ್ಚಿಮ ಜಿಲ್ಲೆಗಳಲ್ಲಿ ಹೆಚ್ಚು.

ಎಲ್ಲಕ್ಕಿಂತ ವಿಶಿಷ್ಟವಾದದ್ದು ಬೀದರ್ ಪಕ್ಕದ ಅಷ್ಟೂರಿಗೆ ಬರುವ ನಡಿಗೆ. ರಾಜಧಾನಿಯನ್ನು ಬೀದರಿಗೆ ತಂದ ಅದೇ ಅಹ್ಮದ್ ಶಾಹನ ಗೋರಿ ಅಲ್ಲಿದೆ. ಜನರ ಪಾಲಿಗೆ ಅವನು ವಲಿ, ಲಿಂಗಾಯತರಲ್ಲಿ ಹಲವರಿಗೆ ಅಲ್ಲಮಪ್ರಭುವಿನ ಅಂಶ. ಹೋಳಿ ಹುಣ್ಣಿಮೆ ಕಳೆದ ಮೇಲೆ ನಡೆಯುವ ಅವನ ಉರುಸಿಗೆ ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಭಕ್ತರ ತಂಡದೊಡನೆ ನಡೆದು ಬಂದು ಪೂಜೆ ಸಲ್ಲಿಸುತ್ತಾರೆ. ಮುಸಲ್ಮಾನ ಸುಲ್ತಾನನ ಉರುಸಿನ ದಿನವನ್ನು ಹಿಂದೂ ಪಂಚಾಂಗ ಗೊತ್ತುಮಾಡುತ್ತದೆ, ಜಂಗಮನ ಕಾಲು ಅದನ್ನು ತೆರೆಯುತ್ತದೆ. ಕಾನ್ಹೋಪಾತ್ರೆಯ ಕಥೆಯ ಕ್ರೂರ ಬಾದಶಹ, ದಾಮಾಜಿಯ ಕಥೆಯಲ್ಲಿ ರಸೀದಿ ಕೊಟ್ಟ ಬಾದಶಹ, ಅಷ್ಟೂರಿನ ವಲಿ, ಮೂವರೂ ಒಂದೇ ಕೋಟೆಯವರು.

ಈಗಿನ ವಾರಿಯಲ್ಲಿ ಎತ್ತಿನ ಬಂಡಿಯ ಜಾಗಕ್ಕೆ ಟೆಂಪೊ, ಟ್ರ್ಯಾಕ್ಟರ್ ಬಂದಿವೆ. ನೀರಿಗೆ ಟ್ಯಾಂಕರ್, ಬೆಳಕಿಗೆ ಜನರೇಟರ್, ಮಳೆಗೆ ಪ್ಲಾಸ್ಟಿಕ್ ಹೊದಿಕೆ. ಹೆಂಗಸರ ಪಾಲು ಎದ್ದು ಕಾಣುವಷ್ಟಿದೆ. 2020 ಮತ್ತು 2021ರಲ್ಲಿ ಕೊರೊನಾದಿಂದ ಕಾಲ್ನಡಿಗೆ ನಿಂತು, ದೊಡ್ಡ ಪಲ್ಲಕ್ಕಿಗಳ ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. ಮಾಳಕರಿಗಳು ತಮ್ಮ ಊರಿನ ಗುಡಿಗಳಲ್ಲೇ ಏಕಾದಶಿ ಮಾಡಿದರು. 2022ರಲ್ಲಿ ದಾರಿ ಮತ್ತೆ ತೆರೆಯಿತು. ಆಳಂದಿ ಮತ್ತು ದೇಹುಗಳಿಂದ ಬರುವ ಪಲ್ಲಕ್ಕಿ ಮಾರ್ಗಗಳನ್ನು ನಡೆಯುವವರಿಗೆ ಬೇರೆ ಪಥ ಬಿಟ್ಟು ಅಗಲಗೊಳಿಸುವ ಹೆದ್ದಾರಿ ಕಾಮಗಾರಿಗೆ 2021ರ ನವೆಂಬರಿನಲ್ಲಿ ಶಂಕುಸ್ಥಾಪನೆ ಆಯಿತು. ಆ ಯೋಜನೆ ಪಶ್ಚಿಮದ ದಾರಿಗಳದ್ದು. ಪೂರ್ವದಿಂದ ಬರುವವರದು ಅದರ ಲೆಕ್ಕದಲ್ಲಿಲ್ಲ.

ಏಕಾದಶಿಯಂದು ಚಂದ್ರಭಾಗೆಯಲ್ಲಿ ಮಿಂದು, ಗುಡಿಯ ಮೆಟ್ಟಿಲಲ್ಲಿರುವ ನಾಮದೇವರ ಪಾಯರಿಗೆ ಹಣೆ ಹಚ್ಚಿ, ಸಾಲಿನಲ್ಲಿ ನಿಲ್ಲಲಾರದವರು ಶಿಖರವನ್ನೇ ನೋಡಿ ಕೈಮುಗಿಯುತ್ತಾರೆ. ವಾರಕರಿಗಳಲ್ಲಿ ಕಳಶದ ದರ್ಶನಕ್ಕೂ ಪೂರ್ತಿ ಬೆಲೆ. ಹುಣ್ಣಿಮೆಯಂದು ಗೋಪಾಳಪುರದಲ್ಲಿ ಮೊಸರು, ಅರಳು ಕಲಸಿದ ಕಾಲಾ ಹಂಚಿಕೊಂಡು ಉಂಡ ಮೇಲೆ ವಾರಿ ಮುಗಿಯುತ್ತದೆ. ಹಿಂದೆ ಮರಳುವುದೂ ಕಾಲಲ್ಲೇ ಆಗಿತ್ತು. ಈಗ ಕಲ್ಯಾಣ ಕರ್ನಾಟಕ ಸಾರಿಗೆಯ ವಿಶೇಷ ಬಸ್ಸುಗಳು, ಲಾತೂರಿನ ಕಡೆಯ ರೈಲು, ಜೊತೆಗೆ ತಂದ ಟೆಂಪೊ ಬಹುಪಾಲು ಜನರನ್ನು ಒಂದೇ ದಿನದಲ್ಲಿ ಊರಿಗೆ ಮುಟ್ಟಿಸುತ್ತವೆ, ಎಡೆ ಹೊಡೆಯಲು ಕಾದಿರುವ ಹೊಲಕ್ಕೆ.